ನುಡಿ ಕಡತಗಳಿಂದ ಹುಡುಕಬಲ್ಲ ಜಾಲತಾಣದವರೆಗೆ: ನನ್ನ ಅನುಭವ

ನುಡಿ ಎಂಬ ಹಳೆಯ ಬಗೆಯ ಕನ್ನಡ ಫಾಂಟ್‌ನಲ್ಲಿ, ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಹದಿನಾಲ್ಕು ವರ್ಷಗಳ ಕಾಲ ಅಚ್ಚಿಗೆ ಸಿದ್ಧವಾದ ಒಂದು ಸಣ್ಣ ಸಾಹಿತ್ಯಿಕ ಮಾಸಪತ್ರಿಕೆಯ ಸಂಚಿಕೆಗಳನ್ನು, ಹೊಸದಾಗಿ ಟೈಪ್ ಮಾಡಿಸದೆ, ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ತಂದು, ಯಾವ ಪದವನ್ನು ಕೊಟ್ಟರೂ ಅದು ಬಂದಿರುವ ಲೇಖನವನ್ನು ತೋರಿಸುವ ಜಾಲತಾಣವೊಂದನ್ನು ಕಟ್ಟಿದ್ದೇನೆ. ಕೆಲಸ ಶುರುವಾದಾಗ ಇದು ಆಗುವುದಿಲ್ಲ ಎಂದವರೇ ಹೆಚ್ಚು. ಈಗ ಅದೇ ಜನ ತಮ್ಮ ಸಂಸ್ಥೆಯ ಹಳೆಯ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತುಂಬಿ ಕಳಿಸುತ್ತಿರುವುದರಿಂದ, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ, ಎಷ್ಟು ಹಣ ಹೋಯಿತು ಎಂಬುದನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು. ನುಡಿಯ ಕೀಲಿಮಣೆ, ಯುಟಿಎಫ್-8, ರೆಗ್ಯುಲರ್ ಎಕ್ಸ್‌ಪ್ರೆಶನ್ ಇವೆಲ್ಲ ಓದುಗರಿಗೆ ತಿಳಿದಿವೆ ಎಂದುಕೊಂಡೇ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ವಿಷುವಲ್ ಬೇಸಿಕ್ 6ರಲ್ಲಿ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಬರೆಯುವುದರಿಂದ ನನ್ನ ವೃತ್ತಿ ಆರಂಭವಾಯಿತು. ಅನಂತರ ಪಿಎಚ್‌ಪಿ, ವರ್ಡ್‌ಪ್ರೆಸ್, ಕೆಲವು ವರ್ಷ ಬೆಂಗಳೂರಿನಲ್ಲಿ ಜಾವಾಸ್ಕ್ರಿಪ್ಟ್, ಆಮೇಲೆ ಶಿವಮೊಗ್ಗಕ್ಕೆ ಹಿಂತಿರುಗಿ ಸ್ವಂತ ಕೆಲಸ. ಶಾಲೆಗಳಿಗೆ, ಜವಳಿ ಅಂಗಡಿಗಳಿಗೆ, ಅಡಿಕೆ ಮಂಡಿಗಳಿಗೆ ಜಾಲತಾಣ ಮಾಡಿಕೊಡುವುದು ಹೊಟ್ಟೆಪಾಡು. ಕನ್ನಡ ಪಠ್ಯದೊಡನೆ ಗುದ್ದಾಡುವುದು ಹವ್ಯಾಸ. ಈ ಹವ್ಯಾಸಕ್ಕೆ ಯಾರಾದರೂ ಹಣ ಕೊಡುತ್ತಾರೆಂದು ನಾನು ಎಣಿಸಿರಲಿಲ್ಲ.

ಪತ್ರಿಕೆಯವರ ಬಳಿ ದಾನಿಗಳಿಂದ ಬಂದ ಸುಮಾರು ಒಂದು ಲಕ್ಷ ರೂಪಾಯಿ ಇತ್ತು. ಪುಟಗಳು ಹತ್ತಿರಹತ್ತಿರ ಒಂಬತ್ತು ಸಾವಿರ. ಮರುಟೈಪಿಗೆ ಡಿಟಿಪಿ ಕೇಂದ್ರವೊಂದು ಪುಟಕ್ಕೆ ಮೂವತ್ತು ರೂಪಾಯಿ ಕೇಳಿತ್ತು. ಕರಡು ತಿದ್ದುವುದಕ್ಕೆ ಪುಟಕ್ಕೆ ಮತ್ತೆ ಹತ್ತೋ ಹನ್ನೆರಡೋ. ಎರಡೂ ಸೇರಿದರೆ ಮೂರೂವರೆ ಲಕ್ಷ ದಾಟುತ್ತಿತ್ತು, ಜಾಲತಾಣದ ಖರ್ಚು ಬೇರೆ. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿರುವ ಹಿರಿಯ ಸಹೋದ್ಯೋಗಿಯೊಬ್ಬರು ಮುದ್ರಿತ ಪ್ರತಿಗಳನ್ನೇ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ಗೆ ಕೊಟ್ಟರಾಯಿತು, ಹಳೆಯ ಕಡತಗಳ ಗೊಡವೆ ಬೇಡ ಎಂದರು. ಪತ್ರಿಕೆಯ ಡಿಟಿಪಿ ಮಾಡುತ್ತಿದ್ದವರಿಗೆ ಸಮಸ್ಯೆಯೇ ಕಾಣಿಸಲಿಲ್ಲ. ಎಲ್ಲವನ್ನೂ ಆಯ್ದು ಫಾಂಟ್ ಬದಲಾಯಿಸಿದರೆ ಸಾಲದೇ ಎಂದು ಕೇಳಿದರು. ಸಂಪಾದಕ ಮಂಡಳಿಯಲ್ಲಿದ್ದ ಒಬ್ಬರಂತೂ ಕಂಪ್ಯೂಟರ್ ತಾನಾಗಿ ಪರಿವರ್ತಿಸಿದ ಕನ್ನಡವನ್ನು ನಂಬಲಾಗದು, ಒತ್ತಕ್ಷರಗಳೆಲ್ಲ ಹಾಳಾಗುತ್ತವೆ ಎಂದು ಸಭೆಯಲ್ಲೇ ಹೇಳಿದ್ದರು. ಅವರ ಅನುಮಾನಕ್ಕೆ ಕಾರಣವಿತ್ತು: ಅಂತರಜಾಲದಲ್ಲಿ ಹಾಗೆ ಹಾಳಾದ ಪಠ್ಯ ಬೇಕಾದಷ್ಟು ಬಿದ್ದಿದೆ.

ಕಡತಗಳನ್ನು ಹೊರತೆಗೆಯುವುದೇ ಮೊದಲ ತಡೆಯಾಯಿತು. ಕಡತಗಳಿದ್ದ ಸಿಡಿಗಳಲ್ಲಿ ಹತ್ತಕ್ಕೆ ಒಂದು ಓದಿಗೆ ಸಿಗಲಿಲ್ಲ. ಉಳಿದವನ್ನು ತೆರೆಯಲು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ, ಪತ್ರಿಕೆಯವರ ಬಳಿಯೇ ಇದ್ದ ಹಳೆಯ ಪೇಜ್‌ಮೇಕರ್ ಡಿಸ್ಕನ್ನು ಅದರೊಳಗೆ ಕೂರಿಸಿದೆ. ಮೊದಲು ಸರಳ ಪಠ್ಯವಾಗಿ ರಫ್ತು ಮಾಡಿ ನೋಡಿದಾಗ ಎರಡು ವಾರ ವ್ಯರ್ಥವಾದವು. ಸರಳ ಪಠ್ಯದಲ್ಲಿ ಫಾಂಟ್‌ನ ಹೆಸರು ಉಳಿಯುವುದಿಲ್ಲ. ಅಂದರೆ ಲೇಖನದ ನಡುವೆ ಟೈಮ್ಸ್ ಫಾಂಟ್‌ನಲ್ಲಿ ಬಂದ ಇಂಗ್ಲಿಷ್ ಹೆಸರು ಯಾವುದು, ನುಡಿಯಲ್ಲಿ ಬಂದ ಕನ್ನಡ ಯಾವುದು ಎಂದು ತಿಳಿಯಲು ದಾರಿಯೇ ಇಲ್ಲ. ಎರಡೂ ಒಂದೇ ರೋಮನ್ ಅಕ್ಷರಗಳ ಸಾಲು. ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಪುಸ್ತಕದ ಹೆಸರು ಕನ್ನಡ ಅಕ್ಷರಗಳ ರಾಶಿಯಾಗಿ ಹೊರಬರುತ್ತದೆ. ಆದ್ದರಿಂದ ಆರ್‌ಟಿಎಫ್ ರೂಪದಲ್ಲಿ ರಫ್ತು ಮಾಡುವುದೇ ಸರಿಯಾದ ದಾರಿ. ಅದರ ತಲೆಭಾಗದಲ್ಲಿ ಫಾಂಟ್‌ಗಳ ಪಟ್ಟಿ ಇರುತ್ತದೆ, ಪಠ್ಯದ ನಡುವೆ ಫಾಂಟ್ ಬದಲಾದಲ್ಲೆಲ್ಲ ಸಂಖ್ಯೆಯ ಗುರುತು ಇರುತ್ತದೆ. ಪೈಥಾನ್‌ನಲ್ಲಿ ಇನ್ನೂರು ಸಾಲಿನ ಒಂದು ಓದುಗವನ್ನು ನಾನೇ ಬರೆದುಕೊಂಡೆ, ಏಕೆಂದರೆ ಸಿದ್ಧವಾಗಿ ಸಿಗುವ ಆರ್‌ಟಿಎಫ್ ಲೈಬ್ರರಿಗಳಲ್ಲಿ ನಾನು ಪ್ರಯತ್ನಿಸಿದವೆಲ್ಲ ಫಾಂಟ್ ಮಾಹಿತಿಯನ್ನೇ ಮೊದಲು ಎಸೆಯುತ್ತಿದ್ದವು.

ಫಾಂಟ್‌ನ ಹೆಸರಿನಿಂದ ಇನ್ನೊಂದು ಲಾಭವೂ ಇದೆ. ನುಡಿಯಲ್ಲಿ 01 ಇ ಮತ್ತು 01 ಕೆ ಎಂಬ ಎರಡು ರೂಪಗಳಿರುವುದು ಎಲ್ಲರಿಗೂ ನೆನಪಿರಬಹುದು. ಒಂದರಲ್ಲಿ ಅಂಕಿಗಳು ಇಂಗ್ಲಿಷಿನಲ್ಲಿ, ಇನ್ನೊಂದರಲ್ಲಿ ಕನ್ನಡದಲ್ಲಿ ಕಾಣಿಸುತ್ತವೆ, ಒಳಗಿನ ಸಂಕೇತ ಮಾತ್ರ ಒಂದೇ. ಪತ್ರಿಕೆಯ ಮೊದಲ ವರ್ಷಗಳಲ್ಲಿ ಪುಟಸಂಖ್ಯೆ, ಇಸವಿ ಎಲ್ಲವೂ ಕನ್ನಡ ಅಂಕಿಗಳಲ್ಲಿದ್ದವು, ಆಮೇಲೆ ಬದಲಾದವು. ಮೂಲದಲ್ಲಿ ಹೇಗಿತ್ತೋ ಹಾಗೆಯೇ ಉಳಿಸಬೇಕು ಎಂಬುದು ಸಂಪಾದಕರ ಷರತ್ತಾಗಿತ್ತು.

ಇನ್ನು ಪರಿವರ್ತನೆ. ಮುಕ್ತವಾಗಿ ಸಿಗುವ ಪರಿವರ್ತಕಗಳನ್ನು ಮೊದಲು ಬಳಸಿದೆ; ಅವು ಸಾಮಾನ್ಯ ಗದ್ಯಕ್ಕೆ ಚೆನ್ನಾಗಿಯೇ ಇವೆ, ಅವುಗಳನ್ನು ಬರೆದವರ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಕಡತಗಳಲ್ಲಿ ಪುಟಕ್ಕೆ ಎಂಟು ಹತ್ತು ತಪ್ಪು ಉಳಿಯುತ್ತಿದ್ದವು. ಒಂಬತ್ತು ಸಾವಿರ ಪುಟಕ್ಕೆ ಅದು ಎಷ್ಟಾಗುತ್ತದೆಂದು ಲೆಕ್ಕ ಹಾಕಿದರೆ ಮರುಟೈಪೇ ಮೇಲು. ತಪ್ಪುಗಳ ಮೂಲ ಹುಡುಕುತ್ತ ಹೋದಾಗ, ಒಂದು ಸಂಕೇತಕ್ಕೆ ಒಂದು ಅಕ್ಷರ ಎಂಬ ಕೋಷ್ಟಕದ ಕಲ್ಪನೆಯೇ ನುಡಿಗೆ ಹೊಂದುವುದಿಲ್ಲ ಎಂಬುದು ಸ್ಪಷ್ಟವಾಯಿತು. ನುಡಿಯ ಒಳಗೆ ಇರುವುದು ಅಕ್ಷರಗಳಲ್ಲ, ಅಕ್ಷರದ ತುಣುಕುಗಳು. ಕ ಎಂಬುದು ದೊಡ್ಡಕ್ಷರದ ಪಿ ಮತ್ತು ಅದರ ಮುಂದೆ ತಲೆಕಟ್ಟಾಗಿ ನಿಲ್ಲುವ ಓರೆಗೆರೆಯ ಎ. ಮ ಎಂಬುದು ಇನ್ನೂ ವಿಚಿತ್ರ: ವ ಅಕ್ಷರದ ಒಡಲು, ತಲೆಕಟ್ಟು, ಆಮೇಲೆ ಉಕಾರದ ಕೊಂಬು. ಕೋಷ್ಟಕ ಹಿಡಿದು ಎಡದಿಂದ ಬಲಕ್ಕೆ ಹೋದರೆ ಮರ ಎಂಬುದು ವುರ ಆಗುತ್ತದೆ. ನಿಜವಾದ ವು ಬರೆಯಲು ನುಡಿಯಲ್ಲಿ ಬೇರೆಯದೇ ಕೊಂಬಿದೆ. ಪು ಬರೆಯುವುದಕ್ಕೂ ಅದೇ. ಯ ಎಂಬುದು ಅನುಸ್ವಾರದ ಸೊನ್ನೆಯಿಂದ ಆರಂಭವಾಗಿ ನಾಲ್ಕು ತುಣುಕುಗಳಲ್ಲಿ ಮುಗಿಯುತ್ತದೆ. ಧ, ಭ, ಢ, ಫಗಳು ಅಲ್ಪಪ್ರಾಣದ ಒಡಲಿಗೆ ಕೆಳಗೆ ಒಂದು ಸೀಳು ಅಂಟಿಸಿದ ರೂಪಗಳು.

ಉದ್ದದ ತುಣುಕುಸಾಲನ್ನು ಮೊದಲು, ಗಿಡ್ಡವನ್ನು ಆಮೇಲೆ ಹೊಂದಿಸುವ ಪದ್ಧತಿಯಿಂದ ಮ, ಯ ಸಮಸ್ಯೆಗಳು ಬಹುಪಾಲು ಬಗೆಹರಿಯುತ್ತವೆ. ಆದರೆ ಟೈಪ್ ಮಾಡಿದವರು ಒಬ್ಬರಲ್ಲ. ಕೆಲವರು ಒತ್ತನ್ನು ಸ್ವರಚಿಹ್ನೆಯ ಮುಂಚೆ ಕೊಟ್ಟಿದ್ದರು, ಕೆಲವರು ಆಮೇಲೆ. ಪುಟದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಶೀರ್ಷಿಕೆಗಳಲ್ಲಿ ಅಂದ ಕಾಣಲೆಂದು ದೀರ್ಘದ ಗುರುತನ್ನು ಸರಿಸಿ ಬೇರೆ ಕಡೆ ಅಂಟಿಸಿದ್ದೂ ಉಂಟು. ಅರ್ಕಾವತ್ತು ಇವೆಲ್ಲಕ್ಕಿಂತ ಮಿಗಿಲು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರಗುಚ್ಛದ ಕೊನೆಗೆ ಬರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಗುಚ್ಛದ ಮೊದಲಿಗೆ ರ ಮತ್ತು ಹಲಂತವಾಗಿ ಹೋಗಬೇಕು. ಕರ್ನಾಟಕ ಎಂಬಲ್ಲಿ ನಾ ಬರೆದ ಮೇಲೆ ಅರ್ಕಾವತ್ತು ಬಂದಿದೆ, ಅದನ್ನು ನ ಅಕ್ಷರದ ಹಿಂದಕ್ಕೆ ಒಯ್ಯಬೇಕು. ಒಂದೇ ಅಕ್ಷರ ಹಿಂದೆ ಸರಿಸುವ ಪರಿವರ್ತಕಗಳು ನಕಾರಕ್ಕೂ ಅದರ ದೀರ್ಘಕ್ಕೂ ನಡುವೆ ರ ತುರುಕಿ ಕೂರುತ್ತವೆ.

ಇದಕ್ಕೆಲ್ಲ ಫಲಿಸಿದ ಉಪಾಯವೆಂದರೆ ಅಕ್ಷರಕ್ಕೆ ಅಕ್ಷರ ಬದಲಿಸುವುದನ್ನೇ ಬಿಟ್ಟುಬಿಟ್ಟದ್ದು. ಮೊದಲ ಹಂತದಲ್ಲಿ ತುಣುಕುಗಳ ಸಾಲನ್ನು ಗುಚ್ಛಗಳಾಗಿ ಒಡೆಯುತ್ತೇನೆ. ಒಡಲಾಗಬಲ್ಲ ತುಣುಕು ಬಂದಾಗ ಹೊಸ ಗುಚ್ಛ, ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತು ಬಂದರೆ ಹಿಂದಿನ ಗುಚ್ಛಕ್ಕೇ ಸೇರ್ಪಡೆ. ಎರಡನೆಯ ಹಂತದಲ್ಲಿ ಪ್ರತಿ ಗುಚ್ಛದೊಳಗೆ ಐದು ಖಾನೆಗಳಿರುತ್ತವೆ: ಅರ್ಕಾವತ್ತು ಇದೆಯೋ ಇಲ್ಲವೋ, ಮೂಲ ವ್ಯಂಜನ, ಒತ್ತುಗಳು, ಸ್ವರ, ಅನುಸ್ವಾರ ಅಥವಾ ವಿಸರ್ಗ. ತುಣುಕು ಯಾವ ಕ್ರಮದಲ್ಲಿ ಬಂದಿದ್ದರೂ ತನ್ನ ಖಾನೆಗೆ ಹೋಗಿ ಬೀಳುತ್ತದೆ. ಮೂರನೆಯ ಹಂತದಲ್ಲಿ ಖಾನೆಗಳನ್ನು ಯೂನಿಕೋಡ್ ಕ್ರಮದಲ್ಲಿ ಹೊರಗೆ ಬರೆಯುವುದು, ಕೊನೆಗೆ ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತರುವುದು. ಎನ್‌ಎಫ್‌ಸಿ ಬಿಟ್ಟರೆ ಕೋ ಎಂಬಲ್ಲಿ ಒಮ್ಮೆ ಒಂದು ಸ್ವರಚಿಹ್ನೆ, ಇನ್ನೊಮ್ಮೆ ಮೂರು ಬಿಡಿ ಚಿಹ್ನೆಗಳು ಉಳಿದು, ನೋಟಕ್ಕೆ ಒಂದೇ ಆದ ಎರಡು ಪದಗಳು ಹುಡುಕಾಟದಲ್ಲಿ ಬೇರೆಬೇರೆಯಾಗುತ್ತವೆ.

ಇದಾದ ಮೇಲೆ ಕಣ್ಣಿಗೆ ಕಾಣದ ಎರಡು ಅಕ್ಷರಗಳ ಕೆಲಸ. ನುಡಿಯಲ್ಲಿ ಸಾಫ್ಟ್‌ವೇರ್ ಎಂದು ಬರೆದಾಗ ಟಕಾರ ಹಲಂತವಾಗಿಯೇ ನಿಲ್ಲುತ್ತದೆ, ಮುಂದೆ ವೇ ಬರುತ್ತದೆ. ಯೂನಿಕೋಡ್‌ನಲ್ಲಿ ನೇರವಾಗಿ ಹಾಕಿದರೆ ವಕಾರ ಒತ್ತಾಗಿ ಕೆಳಗಿಳಿಯುತ್ತದೆ; ನಡುವೆ 8204ನೆಯ ಸಂಕೇತವಾದ ಶೂನ್ಯ ಅಗಲದ ಬೇರ್ಪಡಕವನ್ನು ಹಾಕಲೇಬೇಕು. ಪದದ ನಡುವೆ ಹಲಂತದ ನಂತರ ಪೂರ್ಣ ವ್ಯಂಜನ ಬಂದಲ್ಲೆಲ್ಲ ಇದು ಅನ್ವಯಿಸುತ್ತದೆ. ಇನ್ನೊಂದು, ರ‍್ಯಾಂಕ್, ರ‍್ಯಾಲಿ ಮುಂತಾದ ಪದಗಳು. ಇವುಗಳಲ್ಲಿ ರಕಾರಕ್ಕೆ ಯ ಒತ್ತು. ಸೂರ್ಯ, ಕಾರ್ಯಗಳಲ್ಲಿ ಯಕಾರಕ್ಕೆ ಅರ್ಕಾವತ್ತು. ಮೂಲದಲ್ಲಿ ಎರಡೂ ಬೇರೆ ಬೇರೆ ತುಣುಕುಗಳು, ಯೂನಿಕೋಡ್‌ನಲ್ಲಿ ಎರಡಕ್ಕೂ ರ, ಹಲಂತ, ಯ ಎಂಬ ಒಂದೇ ಸಾಲು. ಮೊದಲನೆಯದನ್ನು ಬೇರ್ಪಡಿಸಲು ರ ಆದ ಕೂಡಲೆ, ಹಲಂತಕ್ಕೆ ಮುಂಚೆ, 8205ನೆಯ ಸಂಕೇತವಾದ ಜೋಡಕವನ್ನು ಹಾಕಬೇಕು. ನಾನು ನೋಡಿದ ಪರಿವರ್ತಿತ ಪಠ್ಯಗಳಲ್ಲಿ ಇದನ್ನು ಗಮನಿಸಿದವರು ಕಡಿಮೆ.

ಪರಿವರ್ತನೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಒಂಬತ್ತು ಸಾವಿರ ಪುಟಗಳನ್ನು ಕಣ್ಣಿಂದ ಓದಿಸಲು ಹಣವಿರಲಿಲ್ಲ. ಯೂನಿಕೋಡ್‌ನಿಂದ ಮರಳಿ ನುಡಿಗೆ ಹೋಗುವ ಇನ್ನೊಂದು ಪರಿವರ್ತಕವನ್ನು, ಮೊದಲನೆಯದರ ಕೋಷ್ಟಕವನ್ನು ಮುಟ್ಟದೆ, ಪ್ರತ್ಯೇಕವಾಗಿ ಬರೆದೆ. ಮೂಲ ಪದ ಒಂದು ಕಡೆ, ಹೋಗಿ ಮರಳಿ ಬಂದ ಪದ ಇನ್ನೊಂದು ಕಡೆ. ಎರಡೂ ಒಂದೇ ಆದರೆ ಅದನ್ನು ಮತ್ತೆ ನೋಡುವುದಿಲ್ಲ. ತುಣುಕುಗಳ ಕ್ರಮ ಮಾತ್ರ ಬೇರೆಯಾಗಿದ್ದರೆ ಅದೂ ತೇರ್ಗಡೆ. ಉಳಿದವು ಪಟ್ಟಿಗೆ. ಮೊದಲ ಓಟದಲ್ಲಿ ನೂರಕ್ಕೆ ಏಳು ಎಂಟು ಪದ ಪಟ್ಟಿಗೆ ಬಿದ್ದವು, ತಿದ್ದುತ್ತ ತಿದ್ದುತ್ತ ಸಾವಿರಕ್ಕೆ ಎರಡು ಮೂರರ ಹತ್ತಿರಕ್ಕೆ ಇಳಿಯಿತು. ಒಂದೇ ಪದ ನೂರಾರು ಸಲ ಬರುವುದರಿಂದ ಪಟ್ಟಿಯಲ್ಲಿ ನಿಜವಾಗಿ ನೋಡಬೇಕಾದ ಬಿಡಿ ಪದಗಳು ಮೂರು ಸಾವಿರಕ್ಕೂ ಕಡಿಮೆ. ಕನ್ನಡ ಎಂ.ಎ. ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಅವನ್ನು ಕೂತು ನೋಡಿದರು, ಜತೆಗೆ ಪ್ರತಿ ಸಂಚಿಕೆಯಿಂದ ಒಂದೆರಡು ಪುಟಗಳನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿದರು. ಇಬ್ಬರಿಗೂ ಸೇರಿ ಕೊಟ್ಟದ್ದು ಮೂವತ್ತೆಂಟು ಸಾವಿರದ ಆಸುಪಾಸು. ಸಭೆಯಲ್ಲಿ ಅನುಮಾನಿಸಿದ್ದ ಹಿರಿಯರು ತಾವೇ ಆಯ್ದ ಇಪ್ಪತ್ತು ಪುಟಗಳನ್ನು ಕೆಂಪು ಪೆನ್ನು ಹಿಡಿದು ಓದಿದರು. ಅವರಿಗೆ ಸಿಕ್ಕಿದ ತಪ್ಪುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಮುದ್ರಿತ ಸಂಚಿಕೆಯಲ್ಲೇ ಇದ್ದ ಅಚ್ಚಿನ ದೋಷಗಳಾಗಿದ್ದವು. ಈ ಸಂಗತಿಯನ್ನು ನಾನು ಅಲ್ಲಿಂದೀಚೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಫಾಂಟ್‌ನ ಹೆಸರೇ ಅಳಿಸಿಹೋಗಿರುವ ಕಡತ ಬಂದಾಗ, ಅದು ನುಡಿಯೋ, ಅದರಂಥದೇ ಇನ್ನೊಂದು ಫಾಂಟ್ ವ್ಯವಸ್ಥೆಯಾದ ಶ್ರೀಲಿಪಿಯೋ, ಇಂಗ್ಲಿಷೋ ಎಂದು ಪಠ್ಯವನ್ನು ಮಾತ್ರ ನೋಡಿ ಗುರುತಿಸುವ ಒಂದು ಸೂತ್ರವನ್ನೂ ಮಾಡಿಕೊಂಡಿದ್ದೇನೆ. ಐವತ್ತು ಅಕ್ಷರ ಸಿಕ್ಕರೆ ಸಾಕು, ಬಹುಮಟ್ಟಿಗೆ ತಪ್ಪುವುದಿಲ್ಲ. ತುಣುಕುಗಳ ಜೋಡಿಗಳನ್ನು ಎಣಿಸುವುದು ಅದರ ತಳಹದಿ ಎಂಬಲ್ಲಿಗೆ ನಿಲ್ಲಿಸುತ್ತೇನೆ. ಯಾವ ಜೋಡಿಗಳು, ಎಷ್ಟು ತೂಕ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ, ಮನೆಯ ಬಾಡಿಗೆ ಅದರಿಂದಲೇ ನಡೆಯುತ್ತಿದೆ.

ಸಿಡಿ ಕೆಟ್ಟು ಕಳೆದುಹೋದ ಇಪ್ಪತ್ತಕ್ಕೂ ಸ್ವಲ್ಪ ಕಡಿಮೆ ಸಂಚಿಕೆಗಳಿಗೆ ಓಸಿಆರ್ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶದ ಕನ್ನಡ ಮಾದರಿಯನ್ನು 300 ಡಿಪಿಐ ಸ್ಕ್ಯಾನ್‌ಗಳ ಮೇಲೆ ಓಡಿಸಿದೆ. ಒಳ್ಳೆಯ ಕಾಗದದ ಪುಟಗಳಲ್ಲಿ ಫಲಿತಾಂಶ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ನ್ಯೂಸ್‌ಪ್ರಿಂಟ್‌ನಲ್ಲಿ ದ ಮತ್ತು ಧ, ಪ ಮತ್ತು ಫ ಅದಲುಬದಲಾಗುತ್ತಿದ್ದವು, ಒತ್ತಿನ ಒತ್ತು ಇದ್ದಲ್ಲಿ ಕೆಳಗಿನದು ಮಾಯವಾಗುತ್ತಿತ್ತು. ಆಗ ಒಂದು ಪಕ್ಕದ ಪ್ರಯೋಗ ಹೊಳೆಯಿತು. ನುಡಿಯಿಂದ ಬಂದ ಶುದ್ಧ ಪಠ್ಯದಲ್ಲಿ ಸುಮಾರು ನಾಲ್ಕು ಲಕ್ಷ ಬಿಡಿ ಪದರೂಪಗಳಿದ್ದವು; ಓಸಿಆರ್ ಕೊಟ್ಟ ಪದ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಇಂಥ ಅಕ್ಷರಜೋಡಿಗಳನ್ನು ಮಾತ್ರ ಬದಲಿಸಿ ನೋಡಿ, ಸಿಕ್ಕರೆ ಸೂಚಿಸುವಂತೆ ಮಾಡಿದೆ. ತಿದ್ದುವವರ ಸಮಯ ಅರ್ಧಕ್ಕರ್ಧ ಉಳಿಯಿತು. ಒಂದೇ ಪತ್ರಿಕೆಯ, ಒಂದೇ ಬರಹಗಾರ ಬಳಗದ ಪದಕೋಶವಾದ್ದರಿಂದ ಇದು ಇಷ್ಟು ಚೆನ್ನಾಗಿ ಕೆಲಸ ಮಾಡಿತು. ಬೇರೆ ವಿಷಯದ ಪುಸ್ತಕಕ್ಕೆ ಹಾಗೇ ಹಚ್ಚಿದಾಗ ಪ್ರಯೋಜನ ಅಷ್ಟಾಗಿ ಆಗಲಿಲ್ಲ.

ಜಾಲತಾಣವನ್ನು ರೂಢಿಯಂತೆ ವರ್ಡ್‌ಪ್ರೆಸ್‌ನಲ್ಲಿ ಶುರುಮಾಡಿದ್ದೆ. ಲೇಖನದ ಶೀರ್ಷಿಕೆಯಿಂದಲೇ ಕನ್ನಡದ ಕೊಂಡಿ ತಯಾರಾಗಲಿ ಎಂಬುದು ಸಂಪಾದಕರ ಆಸೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಕೊಂಡಿಯೊಳಗೆ ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಒಟ್ಟಿಗೆ ಒಂಬತ್ತು. ವರ್ಡ್‌ಪ್ರೆಸ್ ಕೊಂಡಿಯ ಖಾನೆಗೆ ಇಟ್ಟಿರುವುದು 200 ಅಕ್ಷರಗಳ ಜಾಗ. ಅಂದರೆ ಇಪ್ಪತ್ತೆರಡು ಸಂಕೇತಗಳಾದ ಮೇಲೆ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಸ್ತ್ರೀ ಎಂಬ ಒಂದೇ ಅಕ್ಷರ ಆರು ಸಂಕೇತ ನುಂಗುವಾಗ ಇಪ್ಪತ್ತೆರಡು ಯಾವ ಮೂಲೆಗೆ ಸಾಕು? ಒಂದೇ ಮಾಲಿಕೆಯ ಲೇಖನಗಳೆಲ್ಲ ಒಂದೇ ಮೊದಲರ್ಧ ಹೊಂದಿ ಕೊನೆಗೆ ಅಂಕಿ ಅಂಟಿಸಿಕೊಂಡು ನಿಂತವು. ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ಪರದೆಯ ತುಂಬ ಶೇಕಡಾ ಚಿಹ್ನೆಗಳು. ಹುಡುಕಾಟವೂ ಇಡೀ ಕೋಷ್ಟಕವನ್ನು ಸಾಲುಸಾಲಾಗಿ ಜಾಲಾಡುವ ಬಗೆಯದಾದ್ದರಿಂದ ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಒಂದು ಪದಕ್ಕೆ ಆರೇಳು ಸೆಕೆಂಡ್ ಹಿಡಿಯುತ್ತಿತ್ತು. ಹಾಗಾಗಿ ಎಲ್ಲವನ್ನೂ ಬಿಸಾಡಿ, ಲೇಖನಗಳನ್ನು ಸ್ಥಿರ ಎಚ್‌ಟಿಎಂಎಲ್ ಪುಟಗಳನ್ನಾಗಿ ಒಮ್ಮೆಗೇ ಹುಟ್ಟಿಸಿ, ಕೊಂಡಿಯಲ್ಲಿ ವರ್ಷ, ತಿಂಗಳು, ಲೇಖನದ ಸಂಖ್ಯೆ ಮಾತ್ರ ಉಳಿಸಿದೆ. ಸಂಪಾದಕರು ಸ್ವಲ್ಪ ದಿನ ಬೇಸರದಲ್ಲಿದ್ದರು.

ಹುಡುಕಾಟಕ್ಕೆ ಇಲಾಸ್ಟಿಕ್‌ಸರ್ಚ್ ಹಾಕು ಎಂದು ಗೆಳೆಯನೊಬ್ಬ ಹಟ ಹಿಡಿದಿದ್ದ. ಅದಕ್ಕೆ ಬೇಕಾದ ಸ್ಮರಣಶಕ್ತಿಯ ಸರ್ವರ್‌ಗೆ ತಿಂಗಳಿಗೆ ನಾಲ್ಕೈದು ಸಾವಿರವಾಗುತ್ತಿತ್ತು, ಸಣ್ಣ ಪತ್ರಿಕೆಗೆ ಅದು ಮುದ್ರಣದ ಕಾಗದದ ಹಣ. ನನ್ನ ಒಟ್ಟು ಪಠ್ಯ ಮೂವತ್ತು ಲಕ್ಷ ಪದ, ಎಪ್ಪತ್ತೆಂಬತ್ತು ಎಂಬಿ. ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಪಠ್ಯ ಹುಡುಕುವ ಭಾಗವಾದ ಎಫ್‌ಟಿಎಸ್5ಕ್ಕೆ ಇದು ಲೆಕ್ಕವೇ ಅಲ್ಲ. ಆದರೆ ಅದರ ರೂಢಿಯ ಪದವಿಭಜಕವಾದ ಯೂನಿಕೋಡ್61 ಕನ್ನಡಕ್ಕೆ ಹಾಗೇ ಆಗಿಬರುವುದಿಲ್ಲ. ಅಕ್ಷರ ಮತ್ತು ಅಂಕಿ ವರ್ಗಗಳನ್ನು ಮಾತ್ರ ಅದು ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳು, ಹಲಂತ ಎಲ್ಲವೂ ಯೂನಿಕೋಡ್‌ನ ಲೆಕ್ಕದಲ್ಲಿ ಗುರುತುಗಳ ವರ್ಗಕ್ಕೆ ಸೇರಿರುವುದರಿಂದ ಅದಕ್ಕೆ ಅವು ಖಾಲಿ ಜಾಗವಿದ್ದಂತೆ. ಕನ್ನಡ ಎಂಬ ಪದ ಕನ ಮತ್ತು ನಡ ಎಂಬ ಎರಡು ಚೂರಾಗುತ್ತದೆ. ಮನೆ ಎಂದು ಹುಡುಕಿದರೆ ಮನ, ಮನು ಎಲ್ಲ ಬರುತ್ತವೆ. ಎಷ್ಟೋ ಕನ್ನಡ ತಾಣಗಳ ಹುಡುಕಾಟ ಹುಚ್ಚುಚ್ಚಾಗಿ ಉತ್ತರಿಸುವುದನ್ನು ನೋಡಿದಾಗ ನನಗೆ ಮೊದಲು ಬರುವ ಗುಮಾನಿ ಇದೇ. ಮದ್ದು ಒಂದೇ ಸಾಲಿನದು: ಕೋಷ್ಟಕ ರಚಿಸುವಾಗ ವರ್ಗಗಳ ಆಯ್ಕೆಯಲ್ಲಿ ಎರಡೂ ಗುರುತು ವರ್ಗಗಳನ್ನು, ಅಂದರೆ ಎಂಎನ್ ಮತ್ತು ಎಂಸಿಗಳನ್ನು ಸೇರಿಸಬೇಕು. ಇಕಾರದ ಗುಡಿಸು ಒಂದು ವರ್ಗ, ಆಕಾರದ ದೀರ್ಘ ಇನ್ನೊಂದು ವರ್ಗವಾದ್ದರಿಂದ ಒಂದನ್ನು ಮಾತ್ರ ಸೇರಿಸಿದರೆ ಅರ್ಧ ಪದಗಳು ಹಾಗೇ ಒಡೆಯುತ್ತವೆ. ಕಾಣದ ಜೋಡಕ, ಬೇರ್ಪಡಕಗಳು ಈ ಎರಡೂ ವರ್ಗಗಳಲ್ಲಿ ಇಲ್ಲ. ಅವನ್ನು ಸೂಚಿಗೆ ಹಾಕುವ ಮುಂಚೆಯೇ ಕಿತ್ತುಹಾಕುತ್ತೇನೆ, ಓದುಗರು ಟೈಪ್ ಮಾಡಿದ ಪದದಿಂದಲೂ.

ವಿಭಕ್ತಿ ಪ್ರತ್ಯಯಗಳ ಸಮಸ್ಯೆ ಇದಕ್ಕಿಂತ ರಸವತ್ತಾದದ್ದು. ಮರ ಎಂದು ಹುಡುಕುವವರಿಗೆ ಮರದ, ಮರಕ್ಕೆ, ಮರವನ್ನು, ಮರಗಳು ಎಲ್ಲವೂ ಬೇಕು. ಪೂರ್ವಭಾಗದ ಹೊಂದಾಣಿಕೆ ಹಾಕಿದರೆ ಇವು ಬರುತ್ತವೆ, ಜತೆಗೆ ಮರೆವು, ಮರಿ, ಮರ್ಮ ಕೂಡ ಬರುತ್ತವೆ, ಏಕೆಂದರೆ ಸಂಕೇತಗಳ ಸಾಲಿನಲ್ಲಿ ಇವೆಲ್ಲದರ ಆರಂಭ ಮ, ರ ಎಂದೇ. ಪೈಥಾನ್‌ನಲ್ಲಿ ಕನ್ನಡದ ಪ್ರತ್ಯಯ ಕಳಚುವ ಕ್ರಮವಿಧಿಯೊಂದನ್ನು ಎರಡು ತಿಂಗಳು ಬರೆದೆ, ಸಂಧಿಗಳನ್ನೂ ಬಿಡಿಸಲು ಹೊರಟೆ. ಅದು ಪ್ರತಿ ಐದರಲ್ಲಿ ಒಂದು ಪದವನ್ನು ಅತಿಯಾಗಿ ಕಳಚಿ ಮೂಳೆ ಮಾತ್ರ ಉಳಿಸುತ್ತಿತ್ತು, ಮೂಲೆಗಿಟ್ಟೆ. ಅದರ ಬದಲು ಎಫ್‌ಟಿಎಸ್5ರ ಪದಸೂಚಿಯ ಕೋಷ್ಟಕವನ್ನೇ ತೆರೆದು, ಪದದ ಆರಂಭ ಹೊಂದಿದ ಮೇಲೆ ಮುಂದಿನ ಸಂಕೇತ ಯಾವುದು ಎಂದು ನೋಡುವ ಸಣ್ಣ ನಿಯಮಗಳನ್ನು ಹಾಕಿದೆ. ಹುಡುಕಿದ ಪದ ಅಕಾರದಲ್ಲಿ ಮುಗಿದರೆ ಮುಂದೆ ಸ್ವರಚಿಹ್ನೆಯಾಗಲಿ ಹಲಂತವಾಗಲಿ ಇರಬಾರದು. ಮರೆವು, ಮರಿ, ಮರ್ಮ ಮೂರೂ ಅಲ್ಲೇ ಉದುರುತ್ತವೆ. ಉಕಾರದಲ್ಲಿ ಮುಗಿದರೆ, ಕಾಡು ಎಂಬಂತೆ, ಉಕಾರವನ್ನು ತೆಗೆದು ಕಾಡಿನ, ಕಾಡನ್ನು, ಕಾಡಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಬೇಕು. ಕಾಡಿದ ನೆನಪುಗಳೂ ಬಂದುಬಿಡುತ್ತವೆ, ಬರಲಿ. ಮರಣ, ಮರಳು ಮುಂತಾದವನ್ನು ಹೊರಗಿಡಲು ಪ್ರತ್ಯಯಗಳ ಆರಂಭದ ಒಂದು ಪುಟ್ಟ ಪಟ್ಟಿ ಇದೆ. ಇಪ್ಪತ್ತಕ್ಕಿಂತ ಕಡಿಮೆ ನಮೂದುಗಳು, ಅದನ್ನು ಇಲ್ಲಿ ಕೊಡುತ್ತಿಲ್ಲ, ಆಸಕ್ತರು ಒಂದು ಸಂಜೆ ಕೂತರೆ ತಾವೇ ಮಾಡಿಕೊಳ್ಳಬಹುದು.

ಕಾಗುಣಿತದ ಗೊಂದಲಕ್ಕೆಂದು ಇನ್ನೊಂದು ಸಮಾನಾಂತರ ಸೂಚಿ ಇಟ್ಟಿದ್ದೇನೆ. ಅದರಲ್ಲಿ ಮಹಾಪ್ರಾಣಗಳು ಅಲ್ಪಪ್ರಾಣಗಳಾಗಿ, ಷಕಾರ ಶಕಾರವಾಗಿ, ಣಕಾರ ನಕಾರವಾಗಿ, ಋಕಾರದ ಚಿಹ್ನೆ ರ ಒತ್ತು ಮತ್ತು ಉಕಾರವಾಗಿ ಮಡಚಿಕೊಂಡಿರುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವ ಅಭ್ಯಾಸ ಓದುಗರಲ್ಲಿ ಎಷ್ಟು ವ್ಯಾಪಕವಾಗಿದೆ ಎಂಬುದು ಹುಡುಕಾಟದ ದಾಖಲೆ ನೋಡಿದ ಮೇಲೆ ಗೊತ್ತಾಯಿತು, ಅದನ್ನೂ ಸೇರಿಸಿದೆ. ನೇರ ಹುಡುಕಾಟದಲ್ಲಿ ಏನೂ ಸಿಗದಿದ್ದಾಗ ಮಾತ್ರ ಈ ಸೂಚಿಗೆ ಹೋಗುತ್ತದೆ.

ಲೇಖಕರ ಅಕಾರಾದಿ ಪಟ್ಟಿಯಲ್ಲಿ ಒಂದು ಕಿರಿಕಿರಿ ಇತ್ತು. ಸಂಕೇತಗಳ ಕ್ರಮದಲ್ಲೇ ವಿಂಗಡಿಸಿದರೆ ಳಕಾರ ಲಕಾರದ ಬೆನ್ನಿಗೆ, ವಕಾರಕ್ಕಿಂತ ಮುಂಚೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹಕಾರದ ನಂತರ. ಹಳೆಯ ಓದುಗರೊಬ್ಬರು ಕಾಗದ ಬರೆದು ಆಕ್ಷೇಪಿಸಿದ್ದರಿಂದ ವಿಂಗಡಣೆಯ ಕೀಲಿಯನ್ನು ಕೈಯಾರೆ ಬರೆದು ಸರಿಪಡಿಸಿದೆ. ಫಾಂಟ್‌ಗೆ ನೋಟೋ ಸೆರಿಫ್ ಕನ್ನಡ ಹಾಕಿ, ಸಾಲುಗಳ ಅಂತರವನ್ನು ಇಂಗ್ಲಿಷ್ ತಾಣಗಳಿಗಿಂತ ಧಾರಾಳವಾಗಿ ಇಟ್ಟಿದ್ದೇನೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತುಳಿಯುತ್ತದೆ.

ಒಟ್ಟು ಲೆಕ್ಕ ಹೀಗಿದೆ. ವಿದ್ಯಾರ್ಥಿಗಳಿಗೆ ಮೂವತ್ತೆಂಟು ಸಾವಿರ, ಸ್ಕ್ಯಾನಿಂಗ್‌ಗೆ ಐದಾರು ಸಾವಿರ, ನನ್ನ ಸಂಭಾವನೆ ಐವತ್ತು ಸಾವಿರ. ಸಂಭಾವನೆಯ ಎರಡನೆಯ ಕಂತು ಬರಲು ಎಂಟು ತಿಂಗಳೋ ಒಂಬತ್ತೋ ಹಿಡಿಯಿತು, ಕೇಳಿದಾಗಲೆಲ್ಲ ವಿಶೇಷಾಂಕದ ಕೆಲಸ ನಡೆದಿರುತ್ತಿತ್ತು. ನಾನು ಹಾಕಿದ ಸಮಯಕ್ಕೆ ಗಂಟೆಯ ದರ ಕಟ್ಟಿದರೆ ಅಡಿಕೆ ಮಂಡಿಯ ಜಾಲತಾಣವೇ ಲಾಭ. ಸರ್ವರ್‌ಗೆ ತಿಂಗಳಿಗೆ ನಾನೂರೈವತ್ತು ರೂಪಾಯಿ, ಡೊಮೇನ್‌ಗೆ ವರ್ಷಕ್ಕೆ ಎಂಟುನೂರು ಒಂಬೈನೂರು. ಸೂಚಿಗಳೆಲ್ಲ ಸೇರಿ ಡೇಟಾಬೇಸ್ ಇನ್ನೂರೈವತ್ತು ಎಂಬಿಯ ಒಳಗಿದೆ, ಒಂದು ಹುಡುಕಾಟಕ್ಕೆ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲೂ ಹಿಡಿಯುವುದಿಲ್ಲ. ಈಗ ಹೊಸದಾಗಿ ಕೇಳಿಕೊಂಡು ಬರುವವರಿಗೆ ನುಡಿ ಕಡತಗಳಿಗೆ ಪುಟಕ್ಕೆ ಎಂಟು ರೂಪಾಯಿ ಎಂದು ಹೇಳುತ್ತಿದ್ದೇನೆ, ಆರ್‌ಟಿಎಫ್ ಆಗಿ ರಫ್ತು ಮಾಡಿ ಕೊಟ್ಟರೆ ಆರು. ಬರಿಯ ಪಿಡಿಎಫ್ ಮಾತ್ರ ಇದ್ದವರ ಕೆಲಸವನ್ನು ಪುಟ ನೋಡದೆ ಒಪ್ಪಿಕೊಳ್ಳುವುದಿಲ್ಲ, ಅದರೊಳಗಿನ ಫಾಂಟ್‌ನ ಸಂಕೇತಗಳು ಕಡತದಿಂದ ಕಡತಕ್ಕೆ ಬದಲಾಗಿರುತ್ತವೆ. ಶ್ರೀಲಿಪಿಯ ತುಣುಕುಕೋಷ್ಟಕ ಮುಕ್ಕಾಲು ಪಾಲು ಸಿದ್ಧವಾಗಿದೆ, ಮುಂದಿನ ಕೆಲಸ ಅದೇ.